ಪಿಸ್ತೂಲಿಗೂ ಒಂದು ಸ್ಟೆಪ್ನಿ: ಎಲ್ಲಿಡಬೇಕು, ಎಲ್ಲಿಡಬಾರದು

ಟೆಕ್ಸಾಸ್‌ನಲ್ಲಿ ಸೊಂಟಕ್ಕೆ ಪಿಸ್ತೂಲ್ ಸಿಕ್ಕಿಸಿ, ಮೇಲೆ ಶರ್ಟ್ ಇಳಿಬಿಟ್ಟು ಹಾಲು ತರಲು ಹೋಗುವುದು ಮಾಮೂಲಿ ಸಂಗತಿ. 2021ರ ಸೆಪ್ಟೆಂಬರ್ 1ರಿಂದ, 21 ವರ್ಷ ತುಂಬಿ ಕಾನೂನಿನ ಅಡ್ಡಿ ಇಲ್ಲದವರಿಗೆ ಅದಕ್ಕೆ ಲೈಸೆನ್ಸೂ ಬೇಕಿಲ್ಲ. ಅಲ್ಲಿ ನೆಲೆಸಿದ ನಮ್ಮವರಲ್ಲೂ ಗನ್ ಇಟ್ಟುಕೊಂಡವರಿದ್ದಾರೆ. ಗನ್‌ ಒಳಗಿರುವ ಗುಂಡು ಸಾಕಾ, ಜೊತೆಗೆ ಇನ್ನಷ್ಟು ಬೇಕಾ ಅನ್ನುವುದು ಅವರಿಗೆ ಬರುವ ಪ್ರಶ್ನೆ.

ಅದಕ್ಕೂ ಮೊದಲು ನಿಮ್ಮ ವೀಸಾ ನೋಡಿಕೊಳ್ಳಿ. ಎಚ್-1ಬಿ, ಎಲ್-1 (ಕೆಲಸದ ವೀಸಾ), ಎಫ್-1 (ವಿದ್ಯಾರ್ಥಿ ವೀಸಾ) ಮೇಲೆ ಬಂದವರು ಗನ್ ಇರಲಿ, ಒಂದೇ ಒಂದು ಗುಂಡು ಇಟ್ಟುಕೊಂಡರೂ ಅಮೆರಿಕದ ಕೇಂದ್ರ ಕಾನೂನಿನಲ್ಲಿ ಅಪರಾಧ. ಬೇಟೆ ಲೈಸೆನ್ಸ್ ಇದ್ದವರಿಗೆ ವಿನಾಯಿತಿ ಇದೆ ನಿಜ, ಆದರೆ ಅದನ್ನು ವಕೀಲರ ಹತ್ತಿರ ಕೇಳಿ, ವಾಟ್ಸಾಪ್ ಗ್ರೂಪಿನಲ್ಲಿ ಅಲ್ಲ. ಗ್ರೀನ್ ಕಾರ್ಡ್ ಇದ್ದವರಿಗೆ ಈ ತಡೆ ಇಲ್ಲ. ಅಣ್ಣನಿಗೆ ಗ್ರೀನ್ ಕಾರ್ಡ್, ಅದೇ ಮನೆಯಲ್ಲಿರುವ ತಮ್ಮ ಎಫ್-1 ಅಂದರೆ, ಗನ್ ಇಟ್ಟ ಪೆಟ್ಟಿಗೆಯ ಬೀಗದ ಕೈ ತಮ್ಮನಿಗೆ ಸಿಗದ ಹಾಗಿರಬೇಕು.

ಈಗ ವಿಷಯಕ್ಕೆ ಬರೋಣ. ಗ್ಲಾಕ್ 19 ಅನ್ನುವ ಪಿಸ್ತೂಲಿನ ಮ್ಯಾಗಜೀನ್, ಅಂದರೆ ಹಿಡಿಯೊಳಗೆ ಕೂರುವ ಗುಂಡಿನ ಡಬ್ಬಿ, 15 ಗುಂಡು ಹಿಡಿಯುತ್ತದೆ. ಅಷ್ಟೂ ಮುಗಿದು ಇನ್ನೂ ಬೇಕಾಗುವ ಪರಿಸ್ಥಿತಿ ಸಾಮಾನ್ಯ ಮನುಷ್ಯನಿಗೆ ಬರುವುದು ತೀರಾ ಅಪರೂಪ. ಸಿನಿಮಾ ನೋಡಿ ನಾಲ್ಕು ಮ್ಯಾಗಜೀನ್ ಕಟ್ಟಿಕೊಂಡು ಓಡಾಡುವವರನ್ನು ಕಂಡರೆ ನನಗೆ ನಗು ಬರುತ್ತದೆ. ಸ್ಪೇರ್ ಬೇಕಾಗುವುದು ಬೇರೆ ಕಾರಣಕ್ಕೆ. ಪಿಸ್ತೂಲಿನಲ್ಲಿ ಬೇಗ ಕೈಕೊಡುವುದು ಮ್ಯಾಗಜೀನೇ. ಒಂದು ಡಬ್ಬಿ, ಒಳಗೊಂದು ಸ್ಪ್ರಿಂಗ್, ಅಷ್ಟೇ ಅಲ್ವಾ? ಕೆಳಗೆ ಬಿದ್ದು ಅದರ ಬಾಯಿಯ ಅಂಚು ಬಗ್ಗಿದರೆ ಗುಂಡು ಓರೆಯಾಗಿ ಏರುತ್ತದೆ. ಎರಡು ಗುಂಡು ಒಟ್ಟಿಗೆ ನುಗ್ಗಿ ಸಿಕ್ಕಿಕೊಂಡರೆ ಸಾಮಾನ್ಯವಾಗಿ ಮ್ಯಾಗಜೀನನ್ನೇ ಕಿತ್ತು ತೆಗೆಯಬೇಕಾಗುತ್ತದೆ, ಕಿತ್ತದ್ದನ್ನು ಮತ್ತೆ ನಂಬುವ ಬದಲು ಇನ್ನೊಂದನ್ನು ಹಾಕುವುದೇ ವಾಸಿ. ಹಾಗಾಗಿ ಇದು ಕಾರಿನ ಸ್ಟೆಪ್ನಿ ಇದ್ದ ಹಾಗೆ. ಒಂದು ಸಾಕು.

ಬಲಗೈಯವರಾದರೆ ಅದು ಎಡ ಸೊಂಟದಲ್ಲಿರಲಿ. ಬಲಗೈ ಗನ್ ಬಿಡುವುದಿಲ್ಲ, ಆದ್ದರಿಂದ ಎಡಗೈಗೆ ಸಿಗಬೇಕು. ಬೆಲ್ಟಿಗೆ ಹಾಕುವ ಪೌಚ್ ತಗೊಳ್ಳಿ, ಅಲುಗಾಡಿಸಿದರೂ ಬೀಳದಷ್ಟು ಬಿಗಿ ಇರಬೇಕು. ಮ್ಯಾಗಜೀನನ್ನು ತಲೆಕೆಳಗಾಗಿ, ಗುಂಡಿನ ಮೂತಿ ಬಕಲ್ ಕಡೆಗೆ ಬರುವ ಹಾಗೆ ಇಡಿ. ಎಳೆದಾಗ ತೋರುಬೆರಳು ತಾನಾಗೇ ಮುಂದಿನ ಅಂಚಿಗೆ, ಮೇಲಿನ ಗುಂಡಿನ ಮೂತಿಯ ಹತ್ತಿರ ಬಂದು ಕೂರುತ್ತದೆ. ಆ ಬೆರಳು ತೋರಿದ ಕಡೆಗೆ ಮ್ಯಾಗಜೀನ್ ಹೋಗುತ್ತದೆ, ಕತ್ತಲಲ್ಲೂ. ತುಂಬಿದ ಮ್ಯಾಗಜೀನ್ ಸುಮಾರು ಕಾಲು ಕೆಜಿ ತೂಗುತ್ತದೆ, ಮೆತ್ತನೆಯ ಬೆಲ್ಟ್ ಆಗದು. ಪಂಚೆಯಂತೂ ಬಿಟ್ಟುಬಿಡಿ.

ಜೇಬಲ್ಲೇ ಇಡುತ್ತೇನೆ ಅಂದರೆ ಎಡ ಮುಂಜೇಬನ್ನು ಪೂರ್ತಿ ಅದಕ್ಕೇ ಬಿಟ್ಟುಕೊಡಿ. ಕೀ, ಚಿಲ್ಲರೆ, ಚಾಕೊಲೇಟ್ ಕಾಗದ ಯಾವುದೂ ಬೇಡ. ಜೇಬಿನ ಧೂಳು, ನೂಲಿನ ಎಳೆ ಒಳಗೆ ಸೇರಿದರೆ ಸ್ಟೆಪ್ನಿಯೇ ಪಂಚರ್.

ಐದು ಗುಂಡಿನ .38 ರಿವಾಲ್ವರ್ ಇದ್ದವರು ಬಿಡಿ ಗುಂಡುಗಳನ್ನು ಕಡಲೆಕಾಯಿ ಥರ ಜೇಬಿಗೆ ಸುರಿದುಕೊಳ್ಳುವುದನ್ನು ನೋಡಿದ್ದೇನೆ. ಬೇಡ. ಗುಂಡುಗಳನ್ನು ಸಾಲಾಗಿ ಹಿಡಿದಿಡುವ ಸ್ಪೀಡ್ ಸ್ಟ್ರಿಪ್ ಅನ್ನುವ ರಬ್ಬರಿನಂಥ ಪಟ್ಟಿ ಸಿಗುತ್ತದೆ, ಜೇಬಲ್ಲಿ ಚಪ್ಪಟೆಯಾಗಿ ಕೂರುತ್ತದೆ. ದುಂಡನೆಯ ಸ್ಪೀಡ್ ಲೋಡರ್ ಇನ್ನೂ ಬೇಗ ತುಂಬಿಸುತ್ತದೆ, ಆದರೆ ಉಬ್ಬಿ ಕಾಣುತ್ತದೆ.

ಸ್ಪೇರ್ ಮ್ಯಾಗಜೀನನ್ನು ಮೊದಲು ಶೂಟಿಂಗ್ ರೇಂಜಿನಲ್ಲಿ ಗನ್‌ಗೆ ಹಾಕಿ, ನೀವು ದಿನಾ ಇಟ್ಟುಕೊಳ್ಳುವ ಗುಂಡನ್ನೇ ಹೊಡೆದು ನೋಡಿ. ಮಾರ್ಕರ್‌ನಿಂದ 1, 2 ಅಂತ ನಂಬರ್ ಬರೆಯಿರಿ, ಯಾವುದು ತಕರಾರು ಮಾಡುತ್ತದೋ ಗೊತ್ತಾಗಲಿ. ಬದಲಾಯಿಸುವ ಅಭ್ಯಾಸಕ್ಕೆ ಮನೆಯಲ್ಲಿ ಡಮ್ಮಿ ಗುಂಡು ಮಾತ್ರ, ನಿಜವಾದದ್ದು ಆ ಕೋಣೆಯಲ್ಲೇ ಇರಬಾರದು. ಇನ್ನೊಂದು ಮಾತು. ದಿನಾ ರಾತ್ರಿ ಗುಂಡು ತೆಗೆದು ಬೆಳಿಗ್ಗೆ ಅದೇ ಗುಂಡನ್ನು ಮತ್ತೆ ಚೇಂಬರಿಗೆ (ನಳಿಕೆಯ ಹಿಂಬದಿ ಗುಂಡು ಕೂರುವ ಜಾಗ) ಏರಿಸುತ್ತಾ ಇದ್ದರೆ, ಅದರ ಮೂತಿ ಸ್ವಲ್ಪ ಸ್ವಲ್ಪವೇ ಒಳಗೆ ಸರಿದು, ಹೊಡೆದಾಗ ಒತ್ತಡ ಮಿತಿ ಮೀರಬಹುದು. ಹೊಸ ಗುಂಡಿನ ಪಕ್ಕ ನಿಲ್ಲಿಸಿ ನೋಡಿ, ಗಿಡ್ಡ ಕಂಡರೆ ಬಳಸಬೇಡಿ.

ರಾಜ್ಯದ ಗಡಿ ದಾಟುವಾಗ ಲೆಕ್ಕ ಬದಲಾಗುತ್ತದೆ. ಟೆಕ್ಸಾಸ್‌ನಲ್ಲಿ ಮ್ಯಾಗಜೀನ್ ಗಾತ್ರಕ್ಕೆ ಮಿತಿ ಇಲ್ಲ. ಕೊಲರಾಡೊದಲ್ಲಿ 15, ನ್ಯೂಯಾರ್ಕ್, ನ್ಯೂಜೆರ್ಸಿ, ಕ್ಯಾಲಿಫೋರ್ನಿಯಾದಲ್ಲಿ 10. ಹೊರಡುವ ಮುಂಚೆ ಆ ರಾಜ್ಯದ ನಿಯಮ ಓದಿ.

ವಿಮಾನದ್ದು ಇನ್ನೂ ಸೂಕ್ಷ್ಮ. ಅಮೆರಿಕದೊಳಗೆ ಗುಂಡನ್ನು ಸರಿಯಾದ ಡಬ್ಬಿಯಲ್ಲಿ ಹಾಕಿ, ಏರ್‌ಲೈನ್‌ಗೆ ಹೇಳಿ, ಚೆಕ್-ಇನ್ ಲಗೇಜಿನಲ್ಲಿ ಕಳಿಸಬಹುದು, ಕೈಚೀಲದಲ್ಲಿ ಮಾತ್ರ ಆಗದು. ಭಾರತಕ್ಕಾದರೆ, ಭಾರತದ ಲೈಸೆನ್ಸ್ ಇಲ್ಲದೆ ಒಂದು ಗುಂಡು ಸಿಕ್ಕರೂ ಶಸ್ತ್ರಾಸ್ತ್ರ ಕಾಯ್ದೆಯಡಿ ಕೇಸು. ಗೊತ್ತಿಲ್ಲದೆ ಬ್ಯಾಗಲ್ಲಿ ಉಳಿದಿತ್ತು ಅನ್ನುವುದನ್ನು ಒಪ್ಪಿ ಹೈಕೋರ್ಟ್‌ಗಳು ಕೇಸು ರದ್ದು ಮಾಡಿದ್ದೂ ಇದೆ, ಆದರೆ ಅಷ್ಟರಲ್ಲಿ ನಿಮ್ಮ ರಜೆ ಮುಗಿದಿರುತ್ತದೆ.

ಒಮ್ಮೆ ಬೆಂಗಳೂರಿಗೆ ಹೊರಟ ಹಿಂದಿನ ರಾತ್ರಿ ನಾನು ಲ್ಯಾಪ್‌ಟಾಪ್ ಬ್ಯಾಗ್ ಸುಮ್ನೆ ಬೋರಲು ಹಾಕಿ ಕೊಡವಿದೆ. ಚಾರ್ಜರ್, ಪೆನ್ನು, ಒಂದು ಒಣಗಿದ ಏಲಕ್ಕಿ, ಅದರ ಹಿಂದೆ ಟಕ್ ಅಂತ ಒಂದು 9 ಎಂಎಂ ಗುಂಡು. ತಿಂಗಳ ಹಿಂದೆ ರೇಂಜಿಗೆ ಅದೇ ಬ್ಯಾಗ್ ಒಯ್ದಿದ್ದೆ. ಈಗ ರೇಂಜಿಗೆ ಅಂತಲೇ ಒಂದು ಕೆಂಪು ಬ್ಯಾಗ್ ಇದೆ. ಅದು ಗ್ಯಾರೇಜಿನ ಮೊಳೆಯಲ್ಲಿ ತೂಗುತ್ತದೆ, ಮನೆಯೊಳಗೆ ಬರುವುದಿಲ್ಲ.