ಒದರಿದರೆ ತಿರುಗುವ ಹೆಸರು: ಮುಧೋಳ ಕುನ್ನಿಗೆ ಹೆಸರು ಹುಡುಕಿದ ಬಗೆ

‘ಮುಧೋಳ ನಾಯಿ ಹೆಸರಿಗೆ ಬರೂದಿಲ್ಲೋ ಮಾರಾಯಾ, ಅದರ ಹಿಂದ ನಾವ ಓಡಬೇಕು’ ಎಂದೇ ಧಾರವಾಡದಲ್ಲಿ ಈ ತಳಿ ಸಾಕಿದವರು ಹೇಳುತ್ತಿದ್ದರು. ಅದು ಕಣ್ಣಿನಿಂದ ಬೇಟೆಯಾಡುವ ನಾಯಿ, ಕಣ್ಣು ಒಂದರ ಮೇಲೆ ನೆಟ್ಟರೆ ಕಿವಿ ಮುಚ್ಚಿದ ಹಾಗೆ. ಅಷ್ಟು ನಿಜ. ಆದರೆ ತಪ್ಪೆಲ್ಲ ನಾಯಿಯದಲ್ಲ, ಅರ್ಧಕ್ಕರ್ಧ ಹೆಸರಿನದು. ಈಗಿನ ಗಂಡು ಕುನ್ನಿ ಜಿಗ್ಯಾ, ಬೆಕ್ಕು ಕಂಡು ಎರಡು ನೆಗೆತ ಹಾಕಿದ ಮೇಲೂ 60-70 ಮೀಟರ್ ದೂರದಿಂದ ಎರಡನೇ ಕೂಗಿಗೆ ತಿರುಗುತ್ತದೆ. ಅನುಮಾನಪಟ್ಟವರು ಕೆಲಗೇರಿ ಕೆರೆಯ ದಂಡೆಯ ಮೇಲೆ ನಿಂತು ನೋಡಿದ್ದಾರೆ.

ಮೊದಲು ಕೆಟ್ಟ ಹೆಸರುಗಳ ಲೆಕ್ಕ. ಕಂದು ಬಣ್ಣದ ಕುನ್ನಿ ಬಂತೆಂದರೆ ಧಾರವಾಡದಲ್ಲಿ ಎಲ್ಲರಿಗೂ ಮೊದಲು ಹೊಳೆಯುವುದು ‘ಪೇಡಾ’. ನಾನೂ ಅದನ್ನೇ ಇಟ್ಟೆ. ಪಾತ್ರೆ ಅಂಗಡಿಯಲ್ಲಿ ಹಿತ್ತಾಳೆ ಬಿಲ್ಲೆಯ ಮೇಲೆ ಹೆಸರು ಕೊರೆಸಿ ಕೊರಳಪಟ್ಟಿಗೆ ಹಾಕಿದೆ, ಸುಮಾರು 150 ರೂಪಾಯಿ. ಹತ್ತು ದಿನಕ್ಕೆ ಗೊತ್ತಾಯಿತು, ದೂರದಿಂದ ಗಾಳಿಯಲ್ಲಿ ‘ಪೇಡಾ’ ಕೇಳಿಸುವುದು ‘ಬ್ಯಾಡಾ’ ಎಂದು. ಚಪ್ಪಲಿ ಕಚ್ಚಿದರೆ ಬ್ಯಾಡ, ಮಂಚ ಹತ್ತಿದರೆ ಬ್ಯಾಡ. ಬೈಗುಳ ಯಾವುದು, ಕರೆ ಯಾವುದು ಎಂದು ಗೊತ್ತಾಗದೆ ಕುನ್ನಿ ನಿಂತಲ್ಲೇ ಬಾಲ ಮುದುಡಿತು.

ಮುಂದಿನದು ‘ಖಡಕ್’. ರೊಟ್ಟಿಯ ನೆನಪಿನಿಂದ ಇಟ್ಟದ್ದು, ಕೂಗಲು ಬಹಳ ಚೆಂದ. ಆದರೆ ಕ, ಡ ಎರಡೂ ‘ಕೂಡು’ ಆಜ್ಞೆಯಲ್ಲೂ ಇವೆ. ಕರೆದಾಗೆಲ್ಲ 20 ಹೆಜ್ಜೆ ದೂರದಲ್ಲಿ ನಾಯಿ ಅಚ್ಚುಕಟ್ಟಾಗಿ ಕುಂಡಿ ಊರಿ ಕೂತಿತು. ‘ಹೀರಾ’ ಹಾಳಾದದ್ದು ಬೇರೆ ಕಾರಣಕ್ಕೆ: ‘ಹ’ ಬರೀ ಉಸಿರು, ಹತ್ತು ಮೀಟರ್‌ ದಾಟಿದರೆ ಉಳಿಯುವುದು ‘ಈರಾ’. ನಮ್ಮ ಕಡೆ ಓಣಿಗೊಬ್ಬ ಈರಣ್ಣ ಇದ್ದೇ ಇರುತ್ತಾನೆ. ‘ಚಿಗರಿ’ಯ ಮೇಲೆ ನನಗೆ ಬಹಳ ಆಸೆ ಇತ್ತು, ಓಟದ ನಾಯಿಗೆ ಅದಕ್ಕಿಂತ ಒಪ್ಪುವ ಹೆಸರು ಯಾವುದು? ಆದರೆ ಹುಬ್ಬಳ್ಳಿ-ಧಾರವಾಡದ ನಡುವೆ ಓಡುವ ಬಸ್ಸೂ ಚಿಗರಿ. ‘ಚಿಗರಿ ಬಂತ? ಚಿಗರಿ ಹೋತ?’ ಎಂದು ಮನೆಯವರು, ಬಂದವರು ದಿನಕ್ಕೆ ನಲವತ್ತು ಸಲ ಅನ್ನುತ್ತಾರೆ. ಹೆಸರು ಕೇಳಿ ಕೇಳಿ ಏನೂ ಸಿಗದಿದ್ದರೆ ನಾಯಿ ಅದನ್ನು ಗಾಡಿಯ ಸದ್ದಿನಂತೆ ಬಿಟ್ಟುಬಿಡುತ್ತದೆ. ಬಸ್ ಮಾರ್ಗದಿಂದ ದೂರ ಇರುವವರು ಇಟ್ಟು ನೋಡಬಹುದು.

ಮೂರು ಬಿಲ್ಲೆ, ಎರಡು ಪಟ್ಟಿ, ಮೇಲೆ ಒಬ್ಬ ತರಬೇತಿಯವರಿಗೆ ಒಂದು ತಿಂಗಳ 4 ಸಾವಿರ. ನೆನಪಿದ್ದಂತೆ ಹೆಚ್ಚುಕಡಿಮೆ 5 ಸಾವಿರ ರೂಪಾಯಿ ಬರೀ ತಪ್ಪು ಹೆಸರಿಗೆ ಹೋಯಿತು. ಆ ತರಬೇತಿಯಲ್ಲಿ ಹೆಸರನ್ನೇ ಸರಪಳಿ ಎಳೆದು ಕೂಗುತ್ತಿದ್ದರು. ಹಾಗೆ ಕಲಿತ ನಾಯಿ ಹೆಸರು ಕೇಳಿದರೆ ಎದುರು ದಿಕ್ಕಿಗೆ ಹೋಗುತ್ತದೆ.

ನನ್ನ ಪದ್ಧತಿ ಶುರುವಾಗುವುದು ಓಣಿಯ ಬಾಯಿಯಿಂದ. ನೀವು ಏನೇ ಇಡಿ, ಧಾರವಾಡ, ಗದಗ, ಹಾವೇರಿ ಕಡೆ ಮೂರನೇ ದಿನಕ್ಕೆ ಅದಕ್ಕೆ ‘ಯಾ’ ಹತ್ತುತ್ತದೆ. ಟಾಮಿ ಟಾಮ್ಯಾ ಆಗುತ್ತಾನೆ, ಮೋತಿ ಮೋತ್ಯಾ, ಬ್ರೂನೋ ಬ್ರೂನ್ಯಾ. ಮನೆಯೊಳಗೆ ಒಂದು, ಹೊರಗೆ ಒಂದು ಅಂದರೆ ನಾಯಿಗೆ ಎರಡು ಹೆಸರು, ಎರಡೂ ಅರೆಬರೆ. ಅದಕ್ಕೆ ಮೊದಲ ದಿನದಿಂದಲೇ ‘ಯಾ’ ಹಚ್ಚಿದ ರೂಪವನ್ನೇ ಹೆಸರು ಮಾಡಿದೆ. ಇದಕ್ಕೇ ಎಲ್ಲರೂ ತಲೆ ಅಲ್ಲಾಡಿಸಿದ್ದು, ‘ಜಾತಿ ನಾಯಿಗೆ ಇಂಥಾ ಹೆಸರೇನು?’ ಎಂದು. ಆದರೆ ಕೊನೆಯ ದೀರ್ಘ ‘ಆ’ ಬಾಯಿ ತುಂಬ ತೆರೆಸುತ್ತದೆ, ಎಳೆದಷ್ಟೂ ದೂರ ಹೋಗುತ್ತದೆ. ತಳಿ ದಾಖಲಿಸುವ ಕೆನಲ್ ಕ್ಲಬ್ಬಿನ ಕಾಗದಕ್ಕೆ ಉದ್ದನೆಯ ಹೆಸರು ಬೇಕಿದ್ದರೆ ಕಾಗದದಲ್ಲಿರಲಿ.

ಹನ್ನೆರಡು ಹೆಸರು ಬರೆದುಕೊಂಡು ಮೊದಲು ಎಂಟು ಆಜ್ಞೆಗಳ ಎದುರು ಇಡುತ್ತೇನೆ: ಬಾ, ಕೂಡು, ನಿಲ್ಲು, ತಡಿ, ನಡಿ, ಬಿಡು, ಬ್ಯಾಡ, ಹೋಗು. ಮೊದಲಕ್ಷರ ಹೊಂದಿದರೆ ಗೀಟು. ನಂದಿ ‘ನಡಿ’ಗೆ ಬಿತ್ತು, ಬಾದಲ್ ‘ಬಾ’ಕ್ಕೆ, ಬಿಂದ್ಯಾ ‘ಬಿಡು’ವಿಗೆ. ಆಮೇಲೆ ಮನೆಯವರ ಮತ್ತು ಎಡಬಲ ನಾಲ್ಕು ಮನೆಯ ಮಕ್ಕಳ ಕರೆಯುವ ಹೆಸರು. ಸೋನು, ಚಿನ್ನು, ಪುಟ್ಟಿ ಅಲ್ಲೇ ಹೋದವು. ದೇವರ ಹೆಸರನ್ನೂ ತೆಗೆಯುತ್ತೇನೆ. ಮೈಲಾರಲಿಂಗನ ಒಕ್ಕಲಿನವರಿಗೆ ನಾಯಿ ದೇವರ ಜೊತೆಗಿನದು, ಗೌರವ ಇದ್ದೇ ಇದೆ. ಆದರೂ ಕಸದ ಗುಂಡಿಗೆ ಬಾಯಿ ಹಾಕಿದಾಗ ‘ಏ ಮೈಲಾರ್ಯಾ’ ಎಂದು ಒದರಿದರೆ ಕೇಳಿದವರ ಮನಸ್ಸು ನೋಯುತ್ತದೆ.

ಉಳಿದ ನಾಲ್ಕೈದನ್ನು ಬಯಲಿಗೆ ಒಯ್ಯಬೇಕು. ಕಡಲೆ ಕಿತ್ತ ಎರಿಹೊಲ ಒಳ್ಳೆಯದು, ಕೆರೆಯ ದಂಡೆಯೂ ಆಗುತ್ತದೆ. ಒಬ್ಬರು 80 ಹೆಜ್ಜೆ ದೂರ ಬೆನ್ನು ಹಾಕಿ ನಿಲ್ಲಲಿ. ಇನ್ನೊಬ್ಬರು ಹೆಸರುಗಳನ್ನೂ ಆಜ್ಞೆಗಳನ್ನೂ ಕಲಸಿ, ಒಂದೊಂದು ಹೆಸರು 20 ಸಲ ಬರುವಂತೆ ಕೂಗಲಿ. ನಿಂತವರು ಕೇಳಿದ್ದನ್ನು ಬರೆಯಲಿ. 20ಕ್ಕೆ 17-18 ಸರಿ ಬರದಿದ್ದರೆ ಆ ಹೆಸರು ಬೇಡ. ಗಾಳಿಗೆ ಎದುರಾಗಿಯೂ ಕೂಗಬೇಕು. ಗದಗ ಕಡೆಯವರಿಗೆ ಆಷಾಢದ ಪಡುವಣ ಗಾಳಿಯ ಜೋರು ಗೊತ್ತಿದೆ, ಗುಡ್ಡದ ಮೇಲೆ ಗಾಳಿಯಂತ್ರ ನಿಲ್ಲಿಸಿದ್ದು ಸುಮ್ಮನೆ ಅಲ್ಲ. ಆ ಗಾಳಿಯಲ್ಲಿ ‘ಶೇರ್ಯಾ’ದ ಶಕಾರ ಮೊದಲು ಸಾಯುತ್ತದೆ. ಮ, ನ ಮೊದಲಿದ್ದ ಹೆಸರುಗಳೂ ಮುಕ್ಕಾಗುತ್ತವೆ. ಜ, ಚ, ಟ, ಗ ಉಳಿಯುತ್ತವೆ. ಜಿಗಿಯುವ ಕುನ್ನಿ ಎಂದು ಬರೆದಿದ್ದ ‘ಜಿಗ್ಯಾ’ 20ಕ್ಕೆ 19 ಬಂತು.

ಕಲಿಸುವುದು ನಿಮಗೆ ಗೊತ್ತಿದೆ, ಪ್ರಮಾಣ ಮಾತ್ರ ಹೇಳುತ್ತೇನೆ. ಎಂಟು ವಾರದ ಕುನ್ನಿಗೆ ಕುದಿಸಿದ ಕೋಳಿ ಲಿವರ್, ಕಡಲೆಕಾಳಿನಷ್ಟು ತುಂಡು, ಹೆಚ್ಚಾದರೆ ಭೇದಿ. ಒಂದೇ ಸಲ ಹೆಸರು, ಅದು ಮುಖ ತಿರುಗಿಸಿದ ತಕ್ಷಣ ತುಂಡು. ಹತ್ತು ಸಲ ಒಂದು ಪಾಳಿ, ದಿನಕ್ಕೆ ಮೂರು ಪಾಳಿ, ಎಂಟು ದಿನ. ಸ್ನಾನ, ಉಗುರು, ಸೂಜಿಗೆ ಹೆಸರು ಹಿಡಿದು ಕರೆಯಲೇಬಾರದು, ಹೋಗಿ ಎತ್ತಿಕೊಂಡು ಬನ್ನಿ. ಮಕ್ಕಳು ಮುದ್ದು ಮಾಡಲು ಬೇರೊಂದು ಹೆಸರು ಕೊಡಿ. ನಮ್ಮಲ್ಲಿ ಅದು ‘ಕೂಸ’. ಕರೆಯುವ ಹೆಸರು ಹರಿತವಾಗಿ ಉಳಿಯುತ್ತದೆ. ಎರಡನೇ ವಾರ ಲಿವರ್ ನಿಲ್ಲಿಸಿ ಓಟವನ್ನೇ ಬಹುಮಾನ ಮಾಡುವ ಒಂದು ಉಪಾಯ ಇದೆ, ಮುಧೋಳಕ್ಕೆ ಅದೇ ಬೀಗದ ಕೈ. ಅದನ್ನು ಇಲ್ಲಿ ಬಿಡಿಸಿ ಬರೆಯುವುದಿಲ್ಲ.

ನಡುವೆ ಮೊಬೈಲಿನಲ್ಲಿ ನನ್ನ ಕೂಗನ್ನು ರೆಕಾರ್ಡ್ ಮಾಡಿ ಸ್ಪೀಕರಿನಿಂದ ಬಿಟ್ಟು ನೋಡಿದೆ. ಮೊದಲ ದಿನ ಜಿಗ್ಯಾ ಸ್ಪೀಕರನ್ನು ಮೂಸಿತು, ಎರಡನೇ ದಿನದಿಂದ ಕಿವಿಯೂ ಎತ್ತಲಿಲ್ಲ. ಸ್ಪೀಕರಿಗೆ ಕೊಟ್ಟ 900 ರೂಪಾಯಿ ನಾಯಿಯ ಲೆಕ್ಕದಲ್ಲಿ ದಂಡ.

ಎರಡು ನಾಯಿ ಇದ್ದರೆ ‘ಯಾ’ದಿಂದ ತೊಂದರೆ ಬರುತ್ತದೆ, ಎರಡೂ ಓಡಿ ಬರುತ್ತವೆ. ಕಾಳ್ಯಾ, ಕಪ್ಯಾ ಜೋಡಿ ಹೀಗೇ ಕೆಟ್ಟಿತು. ಗಂಡಿಗೆ ‘ಯಾ’, ಹೆಣ್ಣಿಗೆ ‘ಈ’ ಇಡಿ, ಮೊದಲ ಸ್ವರವನ್ನೂ ಬೇರೆ ಮಾಡಿ. ಜಿಗ್ಯಾನ ಜೊತೆಗಿರುವ ಹೆಣ್ಣು ಚುರ್ಕಿ. ಒಂದನ್ನು ಕರೆದರೆ ಇನ್ನೊಂದು ಮಲಗಿದಲ್ಲೇ ಇರುತ್ತದೆ.

ದೊಡ್ಡ ನಾಯಿ ತಂದವರು ಹಳೆಯ ಹೆಸರು ಬದಲಿಸುವಾಗ ‘ಟೈಗರ್, ಜಿಗ್ಯಾ’ ಎಂದು ಹಳೆಯದನ್ನು ಮುಂದಿಡುತ್ತಾರೆ. ಹಳೆಯದಕ್ಕೇ ತಿರುಗಿ ಆಗಿರುತ್ತದೆ, ಹೊಸದು ಕಿವಿಗೆ ಬೀಳುವುದೇ ಇಲ್ಲ. ಹೊಸದು ಮೊದಲು, ಒಂದು ಕ್ಷಣ ಬಿಟ್ಟು ಹಳೆಯದು. ಹತ್ತು-ಹನ್ನೆರಡು ದಿನಕ್ಕೆ ಹಳೆಯದು ಬೀಳುವ ಮೊದಲೇ ತಿರುಗುತ್ತದೆ, ಆಗ ಹಳೆಯದನ್ನು ಬಿಡಬಹುದು. ಅಲ್ಲಿಯವರೆಗೆ ಲಸಿಕೆ ಪುಸ್ತಕದಲ್ಲಿ ಹೆಸರನ್ನು ಪೆನ್ಸಿಲ್‌ನಲ್ಲೇ ಬರೆಸಿ. ಬಿಲ್ಲೆಯ ಮೇಲೆ ಹೆಸರು ಬೇಡವೇ ಬೇಡ, ಕದಿಯಲು ಬಂದವನು ಓದಿ ಕರೆಯುತ್ತಾನೆ. ಫೋನ್ ನಂಬರ್ ಕೊರೆಸಿದರೆ ಸಾಕು.