ಸ್ಪ್ರಿಂಗ್ ತಗೊಳ್ಳುವ ಮೊದಲು ರೂಲ್‌ಬುಕ್ ತೆಗೆಯಿರಿ: ಅಮೆರಿಕದಲ್ಲಿ ಆಟೋಕ್ರಾಸ್‌ಗೆ ಇಳಿಯುವ ಕಾಸರಗೋಡಿನವರಿಗೆ

ಅಮೆರಿಕಕ್ಕೆ ಹೋದ ನಮ್ಮ ಕಡೆಯ ಹುಡುಗರು ಕಾರು ತಗೊಂಡ ಕೂಡಲೇ ಮಾಡುವ ಮೊದಲ ಕೆಲಸ ಎಂತ ಗೊತ್ತುಂಟಾ? ಗಿಡ್ಡ ಸ್ಪ್ರಿಂಗ್ ಹಾಕಿ ಕಾರನ್ನು ನೆಲದ ಹತ್ತಿರಕ್ಕೆ ತಗ್ಗಿಸುವುದು. ಇದರ ಹಿಂದಿನ ಆಸೆ ನನಗೆ ಅರ್ಥವಾಗುತ್ತದೆ. ಊರಲ್ಲಿ ಕೆಎಲ್-14 ನಂಬರಿನ ಕಾರಿಗೆ ಬೇರೆ ಸ್ಪ್ರಿಂಗ್ ಹಾಕಿ ಕುಂಬಳೆಯಿಂದ ಬದಿಯಡ್ಕಕ್ಕೆ ಹೋಗಿ ಬರುವುದೆಂದರೆ ದಾರಿಯುದ್ದಕ್ಕೂ ಮೋಟಾರು ವಾಹನ ಇಲಾಖೆಯ (ಎಂವಿಡಿ) ಹೆದರಿಕೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಉಂಟು, 2019ರ ತಿದ್ದುಪಡಿಯಲ್ಲಿ ಬಂದ 182ಎ ಕೂಡ ಉಂಟು. ಅನುಮತಿ ಇಲ್ಲದ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ಕೇರಳದಲ್ಲಿ ಇದನ್ನು ಕಾಗದದಲ್ಲಿ ಬಿಟ್ಟು ಸುಮ್ಮನೆ ಕೂರುವವರಲ್ಲ. ಅಮೆರಿಕದಲ್ಲಿ ಹೆಚ್ಚಿನ ಕಡೆ ಸ್ಪ್ರಿಂಗ್ ಬಗ್ಗೆ ಯಾರೂ ಕೇಳುವುದಿಲ್ಲ. ಕಟ್ಟಿಟ್ಟ ಆಸೆಯೆಲ್ಲ ಒಮ್ಮೆಲೇ ಹೊರಗೆ ಬಂದು, ಸಂಬಳ ಬಂದ ವಾರವೇ ಲೋವರಿಂಗ್ ಸ್ಪ್ರಿಂಗ್ ಆರ್ಡರ್ ಆಗುತ್ತದೆ. ಆಮೇಲೆ "ಅಣ್ಣಾ, ಆಟೋಕ್ರಾಸ್‌ಗೆ ಹೋದೆ, ಯಾವ ಕ್ಲಾಸು ಅಂತ ಕೇಳಿದ್ರು, ಎಂತ ಹೇಳುವುದು?" ಅಂತ ಮೆಸೇಜು.

ಆ ಮೆಸೇಜು ಬರುವ ಹೊತ್ತಿಗೆ ದುಡ್ಡು ಹೋಗಿ ಆಗಿರುತ್ತದೆ. ನಾನೂ ಕಳೆದವನೇ. ಅದಕ್ಕೇ ಬರೆಯುತ್ತಿದ್ದೇನೆ.

ಆಟೋಕ್ರಾಸ್ ಎಂದರೆ ಪ್ಲಾಸ್ಟಿಕ್ ಕೋನ್ ಇಟ್ಟು ಗುರುತಿಸಿದ ದಾರಿಯಲ್ಲಿ ಟೈಮ್ ಹಿಡಿದು ಕಾರು ಓಡಿಸುವ ಸ್ಪರ್ಧೆ, ಅದಕ್ಕಿಂತ ಹೆಚ್ಚು ವಿವರಿಸುವುದಿಲ್ಲ. ನಮ್ಮಲ್ಲಿ ನೋಡಿದ್ದಕ್ಕೂ ಅಲ್ಲಿಯದಕ್ಕೂ ಇರುವ ವ್ಯತ್ಯಾಸ ಮಾತ್ರ ಹೇಳುತ್ತೇನೆ. ಇಲ್ಲಿ ಆಟೋಕ್ರಾಸ್ ಎಂದರೆ ಹೆಚ್ಚಾಗಿ ಮಣ್ಣು, ಧೂಳು. ಯಾರು ಯಾರ ಜೊತೆ ಸ್ಪರ್ಧಿಸುವುದು ಅನ್ನುವ ಕ್ಲಾಸು ನೋಡುವುದು ಎಂಜಿನ್ನಿನ ಸಿಸಿ ಲೆಕ್ಕದಲ್ಲಿ. ಅಲ್ಲಿ ಡಾಂಬರು ಅಥವಾ ಕಾಂಕ್ರೀಟು: ದೊಡ್ಡ ಪಾರ್ಕಿಂಗ್ ಜಾಗ, ಹಳೆಯ ವಿಮಾನ ನಿಲ್ದಾಣ. ಮಣ್ಣಿನಲ್ಲಿ ಚೆನ್ನಾಗಿ ಓಡಿದ ಎತ್ತರದ, ಮೆತ್ತಗಿನ ಸೆಟಪ್ಪನ್ನು ಅಲ್ಲಿಗೆ ಹೊತ್ತುಕೊಂಡು ಹೋಗಬೇಡಿ. ಆಟ ನಡೆಸುವ ದೊಡ್ಡ ಸಂಸ್ಥೆ ಎಸ್‌ಸಿಸಿಎ (ಸ್ಪೋರ್ಟ್ಸ್ ಕಾರ್ ಕ್ಲಬ್ ಆಫ್ ಅಮೆರಿಕ). 1944ರಲ್ಲಿ ಶುರುವಾದದ್ದು. ಅವರು ಆಟೋಕ್ರಾಸನ್ನು ಸೋಲೋ ಅನ್ನುತ್ತಾರೆ. ಬಿಎಂಡಬ್ಲ್ಯು, ಪೋರ್ಷೆ ಕ್ಲಬ್ಬಿನವರೂ ತಮ್ಮದೇ ನಿಯಮ ಇಟ್ಟುಕೊಂಡು ನಡೆಸುತ್ತಾರೆ, ಅದರ ಸುದ್ದಿ ಇಲ್ಲಿ ಬೇಡ. ಎಸ್‌ಸಿಸಿಎಯಲ್ಲಿ ಕ್ಲಾಸು ಬರೀ ಸಿಸಿ ನೋಡಿ ಸಿಗುವುದಿಲ್ಲ. ನಿಮ್ಮ ಕಾರು ಯಾವುದು, ಅದಕ್ಕೆ ನೀವು ಎಂತ ಮಾಡಿದ್ದೀರಿ, ಎರಡನ್ನೂ ನೋಡುತ್ತಾರೆ.

ಗುಂಡಿ ಇರುವುದು ಇಲ್ಲೇ, ನಿಧಾನವಾಗಿ ಓದಿ.

ಕೆಳಗಿನ ಮೆಟ್ಟಿಲು ಸ್ಟ್ರೀಟ್. ಅದರ ಮೇಲೆ ಸ್ಟ್ರೀಟ್ ಟೂರಿಂಗ್, ಸ್ಟ್ರೀಟ್ ಪ್ರಿಪೇರ್ಡ್, ಹೀಗೆ ಮೇಲೆ ಹೋಗುತ್ತದೆ. ಸ್ಟ್ರೀಟಲ್ಲಿ ಶಾಕ್ ಅಬ್ಸಾರ್ಬರ್ ಬದಲಿಸಬಹುದು, ಹೊರಗಿನಿಂದ ಎರಡಕ್ಕಿಂತ ಜಾಸ್ತಿ ಅಡ್ಜಸ್ಟ್‌ಮೆಂಟ್ ಇರಬಾರದು ಅಷ್ಟೇ. ಕಾರು ವಾಲುವುದನ್ನು ತಡೆಯಲು ಎಡ-ಬಲ ಚಕ್ರಗಳನ್ನು ಜೋಡಿಸುವ ಸರಳು, ಅಂದರೆ ಸ್ವೇ ಬಾರ್, ಬದಲಿಸಬಹುದು, ಆದರೆ ಮುಂದಿನದೋ ಹಿಂದಿನದೋ ಒಂದು ಮಾತ್ರ. ರಿಮ್ ಬದಲಿಸಬಹುದು. ಅಗಲ ಕಂಪನಿಯದ್ದೇ ಇರಬೇಕು, ವ್ಯಾಸ ಒಂದು ಇಂಚು ಹೆಚ್ಚೋ ಕಡಿಮೆಯೋ ಆಗಬಹುದು, ಆಫ್‌ಸೆಟ್ (ರಿಮ್ ಎಷ್ಟು ಒಳಗೆ ಅಥವಾ ಹೊರಗೆ ಕೂರುತ್ತದೆ ಅನ್ನುವುದು) ಮಾತ್ರ ಮಿಲಿಮೀಟರ್ ಲೆಕ್ಕದಲ್ಲಿ ನೋಡುತ್ತಾರೆ. ಸ್ಪ್ರಿಂಗ್ ಮುಟ್ಟುವಂತಿಲ್ಲ. ಎತ್ತರ ಹೊಂದಿಸಬಹುದಾದ ಸ್ಪ್ರಿಂಗ್-ಶಾಕ್ ಜೋಡಿ, ಅಂದರೆ ಕಾಯಿಲೋವರ್, ಇಲ್ಲ. ಚಕ್ರದ ಓರೆಯನ್ನು (ಕ್ಯಾಂಬರ್) ಬದಲಿಸುವ ಕ್ಯಾಂಬರ್ ಪ್ಲೇಟ್ ಇಲ್ಲ. ನೀವು ನೂರು ಡಾಲರಿನ ಸೆಕೆಂಡ್ ಹ್ಯಾಂಡ್ ಸ್ಪ್ರಿಂಗ್ ಹಾಕಿ ಕಾರನ್ನು ಒಂದಿಂಚು ತಗ್ಗಿಸಿದರೂ ಅಷ್ಟೇ, ಮೇಲಿನ ಮೆಟ್ಟಿಲಿಗೆ ಹೋಗಿ ಬೀಳುತ್ತೀರಿ. ಅಲ್ಲಿ ಎದುರಿಗೆ ಇರುವವರು ಸ್ಪ್ರಿಂಗು, ಎರಡೂ ಬಾರು, ಕ್ಯಾಂಬರ್ ಪ್ಲೇಟು, ಅಗಲದ ರಿಮ್ಮು ಎಲ್ಲ ಮಾಡಿ ವರ್ಷಗಟ್ಟಲೆ ಓಡಿಸಿದವರು. ನಿಮ್ಮ ಹತ್ತಿರ ಇರುವುದು ಬರೀ ಸ್ಪ್ರಿಂಗು.

ಪೆರ್ಲದ ಕಡೆಯ ಒಬ್ಬ ಹುಡುಗ ಹೋಂಡಾ ಫಿಟ್ ತಗೊಂಡಿದ್ದ. ನಮ್ಮ ಜಾಝೇ ಅಲ್ಲಿ ಫಿಟ್. ಸುಮ್ಮನೆ ಬಿಟ್ಟಿದ್ದರೆ ಸ್ಟ್ರೀಟಿನೊಳಗಿನ ಎಚ್ ಸ್ಟ್ರೀಟ್ ಕ್ಲಾಸು, ಹೊಸಬನಿಗೆ ಅದಕ್ಕಿಂತ ಒಳ್ಳೆಯ ಜಾಗ ಇಲ್ಲ. ಸ್ಪ್ರಿಂಗ್ ಹಾಕಿದ ಮೇಲೆ ಎಷ್ಟು ನಷ್ಟ ಅಂತ ಲೆಕ್ಕ ಹಾಕಿ ತೋರಿಸಿದೆ. ಬೇರೆ ಬೇರೆ ಕ್ಲಾಸಿನವರನ್ನು ಹೋಲಿಸುವುದಕ್ಕೆ ಪ್ಯಾಕ್ಸ್ ಅಂತ ಒಂದು ಗುಣಕ ಉಂಟು. ನಿಮ್ಮ ಟೈಮನ್ನು ಅದರಿಂದ ಗುಣಿಸುತ್ತಾರೆ. ವರ್ಷ ವರ್ಷ ಸ್ವಲ್ಪ ಬದಲಾಗುತ್ತದೆ, ಆದರೆ ಎಚ್ ಸ್ಟ್ರೀಟಿನದ್ದು 0.78ರ ಆಸುಪಾಸು, ಸ್ಟ್ರೀಟ್ ಟೂರಿಂಗಲ್ಲಿ 0.81 ಅಥವಾ ಜಾಸ್ತಿ. 60 ಸೆಕೆಂಡಿನ ಓಟ 0.78ರಲ್ಲಿ 46.8 ಆಗುತ್ತದೆ. ಅದೇ 46.8 ಬರಬೇಕಾದರೆ 0.81ರಲ್ಲಿ 57.8 ಸೆಕೆಂಡಿಗೆ ಮುಗಿಸಬೇಕು. ಎರಡು ಸೆಕೆಂಡಿಗಿಂತ ಜಾಸ್ತಿ! ಒಂದು ಕೋನ್ ಬೀಳಿಸಿದರೆ ಎರಡು ಸೆಕೆಂಡ್ ದಂಡ. ಅಂದರೆ ಪ್ರತಿ ಓಟಕ್ಕೂ ಕೋನ್ ಬೀಳಿಸಿಯೇ ಹೊರಟ ಲೆಕ್ಕ.

ಅಷ್ಟು ಕೊಟ್ಟು ಕಾರು ಬೇಗ ಆಯಿತಾ? ಅದೂ ಇಲ್ಲ. ಸಣ್ಣ ಕಾರುಗಳಲ್ಲಿ ಮುಂದೆ ಇರುವುದು ಸ್ಪ್ರಿಂಗು, ಶಾಕು ಒಂದೇ ಕಂಬದಲ್ಲಿ ಇರುವ ಮ್ಯಾಕ್‌ಫರ್ಸನ್ ಸ್ಟ್ರಟ್. ಕಾರು ತಗ್ಗಿದಾಗ ಕೆಳಗಿನ ಆರ್ಮ್‌ನ ಚಕ್ರದ ಬದಿ ಮೇಲೆ ಹೋಗುತ್ತದೆ. ಆಮೇಲೆ ತಿರುವಿನಲ್ಲಿ ಕಾರು ವಾಲಿದರೆ ನೆಗೆಟಿವ್ ಕ್ಯಾಂಬರ್ (ಚಕ್ರದ ಮೇಲ್ಭಾಗ ಒಳಕ್ಕೆ ವಾಲಿರುವುದು) ಹೆಚ್ಚುವ ಬದಲು ಕಡಿಮೆಯಾಗುತ್ತದೆ, ಟಯರ್ ಹೊರ ಅಂಚಿನ ಮೇಲೆ ನಿಲ್ಲುತ್ತದೆ. ಕಾರು ಯಾವ ಬಿಂದುವಿನ ಸುತ್ತ ವಾಲುತ್ತದೋ ಆ ರೋಲ್ ಸೆಂಟರ್ ಕೂಡ ಇಳಿಯುತ್ತದೆ, ಹಾಗಾಗಿ ವಾಲುವುದು ಅಂದುಕೊಂಡಷ್ಟು ಕಡಿಮೆಯಾಗುವುದಿಲ್ಲ. ಸ್ಟ್ರಟ್ ಕುಗ್ಗುವುದಕ್ಕೆ ಜಾಗ ಇಲ್ಲದೆ ಕೊನೆಯ ರಬ್ಬರ್ ತಡೆಗೆ, ಅಂದರೆ ಬಂಪ್ ಸ್ಟಾಪಿಗೆ, ಹೋಗಿ ಬಡಿಯುತ್ತದೆ. ಬಡಿದ ಕ್ಷಣದಲ್ಲಿ ಮುಂದಿನ ಹಿಡಿತ ಹೋಯಿತು, ಸ್ಟಿಯರಿಂಗ್ ತಿರುಗಿಸಿದರೂ ಕಾರು ನೇರ ಹೋಗುತ್ತದೆ. ನೋಡುವುದಕ್ಕೆ ಚಂದ ಇರಬಹುದು. ಓಡುವುದಕ್ಕೆ ಅಲ್ಲ.

ಹಾಗಾದರೆ ದುಡ್ಡು ಎಲ್ಲಿ ಹಾಕುವುದು? ಮೊದಲು ಟಯರಿಗೆ.

ಟಯರಿನ ಬದಿಯಲ್ಲಿ ಎಷ್ಟು ನಿಧಾನ ಸವೆಯುತ್ತದೆ ಅಂತ ಹೇಳುವ ಟ್ರೆಡ್‌ವೇರ್ ಅಂತ ಒಂದು ನಂಬರ್ ಇರುತ್ತದೆ. ಸ್ಟ್ರೀಟ್ ಮತ್ತು ಸ್ಟ್ರೀಟ್ ಟೂರಿಂಗಿಗೆ ಅದು 200ಕ್ಕಿಂತ ಕಡಿಮೆ ಇರಬಾರದು. ಈ ನಂಬರನ್ನು ಕೊಡುವುದು ಟಯರ್ ಕಂಪನಿಯೇ, ಸರಕಾರ ಪರೀಕ್ಷೆ ಮಾಡಿ ಕೊಡುವುದಲ್ಲ. ಅದಕ್ಕೇ 200 ಅಂತ ಬರೆದದ್ದೆಲ್ಲ ಒಂದೇ ಅಲ್ಲ. ಯೋಕೊಹಾಮಾ ಎ052, ಬ್ರಿಜ್‌ಸ್ಟೋನ್ ಆರ್‌ಇ-71ಆರ್‌ಎಸ್ ಬೇಗ ಬಿಸಿಯಾಗಿ ಹಿಡಿಯುತ್ತವೆ, ಬೇಗ ಸವೆಯುತ್ತವೆ. ಹ್ಯಾಂಕೂಕ್ ಆರ್‌ಎಸ್4 ಕೂಡ 200ರದ್ದೇ, ಹಿಡಿತ ಸ್ವಲ್ಪ ಕಡಿಮೆ, ಬಾಳಿಕೆ ತುಂಬಾ ಜಾಸ್ತಿ. ಓಡಿಸಲು ಕಲಿಯುವವನಿಗೆ ನನ್ನ ಓಟು ಆರ್‌ಎಸ್4ಗೆ. ಫಿಟ್ ಸ್ಪೋರ್ಟಿನವರಿಗೆ ಇನ್ನೊಂದು ಉಪಾಯ ಉಂಟು. ಕಂಪನಿಯ 185/55 ಆರ್16ರಲ್ಲಿ ಒಳ್ಳೆಯ ಟಯರ್ ಹುಡುಕುವುದೇ ಕಷ್ಟ. ಆರು ಇಂಚು ಅಗಲದ 15ರ ರಿಮ್ಮಿಗೆ ಇಳಿಯಿರಿ, 205/50 ಆರ್15 ಸೈಜಿನಲ್ಲಿ ಬೇಕಾದಷ್ಟು ಸಿಗುತ್ತದೆ. ನಿಯಮಕ್ಕೂ ಸರಿ. ಒಟ್ಟು ವ್ಯಾಸ ಸ್ವಲ್ಪ ಕಡಿಮೆಯಾಗುವುದರಿಂದ ಗೇರೂ ಚುರುಕಾಗುತ್ತದೆ.

ಗಾಳಿಯ ವಿಷಯದಲ್ಲಿ ಯಾರ ನಂಬರನ್ನೂ ನಂಬಬೇಡಿ, ನನ್ನದನ್ನೂ. ಬಿಳಿ ಶೂ ಪಾಲಿಶ್ ಅಥವಾ ಚಾಕ್ ತಗೊಂಡು ಟಯರಿನ ಭುಜದಿಂದ ಬದಿಯವರೆಗೆ ಅಡ್ಡ ಗೆರೆ ಎಳೆಯಿರಿ. ಹೆಚ್ಚಿನ ಟಯರುಗಳಲ್ಲಿ ಭುಜದ ಹತ್ತಿರ ಒಂದು ಸಣ್ಣ ತ್ರಿಕೋನ ಇರುತ್ತದೆ, ಅದರ ಮೇಲೆಯೇ ಎಳೆಯಿರಿ. ಒಂದು ಓಟ ಮುಗಿಸಿ ಬಂದು ಕುಕ್ಕರಗಾಲಿನಲ್ಲಿ ಕೂತು ನೋಡಿ. ಬಿಳಿ ತ್ರಿಕೋನದ ತುದಿಯವರೆಗೆ ಅಳಿಸಿದ್ದರೆ ಸರಿ. ಅದನ್ನು ದಾಟಿ ಕೆಳಗೂ ಅಳಿಸಿದ್ದರೆ ಗಾಳಿ ಕಡಿಮೆ, ಟಯರ್ ಮಡಚಿಕೊಳ್ಳುತ್ತಿದೆ. ಅಲ್ಲಿಗೆ ಮುಟ್ಟಲೇ ಇಲ್ಲವೆಂದರೆ ಜಾಸ್ತಿ. ಎರಡೆರಡು ಪಿಎಸ್‌ಐ ಬದಲಿಸುತ್ತಾ ಹೋಗಿ. ಟಯರ್ ಬಿಸಿಯಾದಂತೆ ಗಾಳಿ ತಾನೇ ಏರುತ್ತದೆ, ಪ್ರತಿ ಓಟದ ನಂತರ ನೋಡಿ. ಫ್ರಂಟ್ ವೀಲ್ ಡ್ರೈವ್ ಕಾರಿನ ಹಿಂಬದಿ ತಿರುಗಲು ಒಪ್ಪದಿದ್ದರೆ ಹಿಂದಿನ ಟಯರಿಗೆ ಸ್ವಲ್ಪ ಜಾಸ್ತಿ ಹೊಡೆಯಿರಿ, ಖರ್ಚಿಲ್ಲದ ಮದ್ದು.

ಆಮೇಲೆ ಹಿಂದಿನ ಸ್ವೇ ಬಾರ್. ನಿಯಮ ಒಂದೇ ಬಾರ್ ಕೊಡುವುದಾದರೆ ಫ್ರಂಟ್ ವೀಲ್ ಡ್ರೈವ್ ಕಾರಿನವರು ಹಿಂದಿನದನ್ನೇ ಆರಿಸಬೇಕು. ಹಿಂಬದಿ ಗಟ್ಟಿಯಾದರೆ ವಾಲುವ ಭಾರದ ಹೆಚ್ಚಿನ ಪಾಲು ಹಿಂದೆ ಹೋಗುತ್ತದೆ. ಮುಂದಿನ ಒಳಚಕ್ರ ನೆಲಕ್ಕೆ ಒತ್ತಿಕೊಂಡು ಉಳಿಯುತ್ತದೆ, ಆಕ್ಸಿಲರೇಟರ್ ಒತ್ತಿದಾಗ ಸುಮ್ನೆ ಸುತ್ತುವುದು ಕಡಿಮೆಯಾಗುತ್ತದೆ. ತಿರುವಿನಲ್ಲಿ ಹಿಂದಿನ ಒಳಚಕ್ರ ಕಂಬ ಕಂಡ ನಾಯಿಯ ಕಾಲಿನ ಹಾಗೆ ಮೇಲೆ ಎದ್ದರೆ ಗಾಬರಿ ಬೇಡ, ಹಾಗೆಯೇ ಆಗಬೇಕು. ಮಳೆಯಲ್ಲಿ ಮಾತ್ರ ಅದೇ ಬಾರ್ ಹಿಂಬದಿಯನ್ನು ಜಾರಿಸುತ್ತದೆ, ಹೈವೇಯಲ್ಲಿ ಜಾಗ್ರತೆ.

ಕ್ಯಾಂಬರಿಗೆ ಹೊಸ ಪಾರ್ಟು ಹಾಕುವಂತಿಲ್ಲ, ಕಂಪನಿಯೇ ಆ ಮಾಡೆಲಿಗೆ ಕೊಟ್ಟಿದ್ದರೆ ಮಾತ್ರ. ಆದರೆ ಜೋಡಣೆಯಲ್ಲಿ ಇರುವ ಸಡಿಲವನ್ನು ಬಳಸಬಹುದು ಅಂತ ನಿಯಮವೇ ಹೇಳುತ್ತದೆ. ಸ್ಟ್ರಟ್ಟು ಚಕ್ರವನ್ನು ಹಿಡಿಯುವ ನಕಲ್ಲಿಗೆ ಸೇರುವಲ್ಲಿನ ಎರಡು ಬೋಲ್ಟ್ ಸಡಿಲಿಸಿ, ಚಕ್ರದ ಮೇಲ್ಭಾಗವನ್ನು ಒಳಗೆ ತಳ್ಳಿ ಹಿಡಿದು, ಹಾಗೆಯೇ ಬಿಗಿ ಮಾಡಿ. ಸಿಗುವುದು ಸ್ವಲ್ಪವೇ, ಆದರೆ ಪುಕ್ಕಟೆ. ಆಮೇಲೆ ಅಲೈನ್‌ಮೆಂಟ್ ಅಂಗಡಿಗೆ ಹೋದಾಗ ಬಾಯಿ ಬಿಟ್ಟು ಹೇಳಬೇಕು. ಕಂಪ್ಯೂಟರಲ್ಲಿ ಹಸಿರು ಬಂದರೆ ಅವರ ಕೆಲಸ ಮುಗಿಯಿತು, ಕಾಸರಗೋಡಾದರೂ ಅಷ್ಟೇ, ಕ್ಯಾಲಿಫೋರ್ನಿಯಾ ಆದರೂ ಅಷ್ಟೇ. ಎರಡೂ ಕಡೆ ಸಮವಾಗಿ ಎಷ್ಟು ನೆಗೆಟಿವ್ ಸಿಗುತ್ತದೋ ಅಷ್ಟು ಕೊಡಿ, ಮುಂದಿನ ಟೋ (ಚಕ್ರಗಳ ಮೂತಿ ಒಳಕ್ಕೋ ಹೊರಕ್ಕೋ ತಿರುಗಿರುವುದು) ಸ್ವಲ್ಪ ಹೊರಗಿರಲಿ ಅನ್ನಿ. ದಿನಾ ಆಫೀಸಿಗೂ ಅದೇ ಕಾರಾದರೆ ಟೋ ಸೊನ್ನೆ ಇಡಿ. ಟಯರ್ ತಿನ್ನುವುದು ಕ್ಯಾಂಬರಿಗಿಂತ ಟೋ ಜಾಸ್ತಿ.

ಕ್ಲಾಸು ಕೊಡುವ ಯಾವ ಪದ್ಧತಿ ಒಳ್ಳೆಯದು ಅಂತ ಕೇಳಿದರೆ, ನನಗೆ ಅಮೆರಿಕದ್ದೇ ಇಷ್ಟ. ಸಿಸಿ ಲೆಕ್ಕ ಒಂದು ಸಾಲಿನಲ್ಲಿ ಮುಗಿಯುತ್ತದೆ ನಿಜ, ಆದರೆ ಆಫೀಸಿಗೆ ಹೋಗುವ ಕಾರನ್ನೇ ತಂದವನಿಗೆ ಅದರಲ್ಲಿ ಏನು ಉಳಿಯುತ್ತದೆ? ಅಮೆರಿಕದಲ್ಲಿ ಅವನಿಗೂ ಅವನ ಸಮಾನರ ಜೊತೆ ಒಂದು ಜಾಗ ಉಂಟು. ಇನ್ನೊಂದು ನನಗೆ ಹಿಡಿಸಿದ್ದು, ಡಾಕ್ಟರಾಗಲಿ ವಿದ್ಯಾರ್ಥಿಯಾಗಲಿ ತನ್ನ ಓಟ ಮುಗಿದ ಮೇಲೆ ಬಿಸಿಲಲ್ಲಿ ನಿಂತು ಬೇರೆಯವರು ಬೀಳಿಸಿದ ಕೋನ್ ಎತ್ತಿಡಬೇಕು. ತಪ್ಪಿಸಿಕೊಂಡು ಮನೆಗೆ ಹೋಗಬೇಡಿ, ಮರ್ಯಾದೆ ಹೋಗುತ್ತದೆ. ಆದರೆ ಅವರ ರೂಲ್‌ಬುಕ್ ಇದೆಯಲ್ಲ ಮಾರಾಯ್ರೆ, ಅದನ್ನು ಬರೆದವರಿಗೆ ಓದುವವರ ಮೇಲೆ ಕರುಣೆ ಇಲ್ಲ. ಒಂದು ಸೂತ್ರ ನೆನಪಿಟ್ಟುಕೊಂಡರೆ ಸಾಕು: ಮಾಡಬಹುದು ಅಂತ ಬರೆದಿಲ್ಲದ್ದನ್ನು ಮಾಡುವಂತಿಲ್ಲ. "ಬೇಡ ಅಂತ ಎಲ್ಲಿ ಬರೆದಿದೆ?" ಅನ್ನುವ ನಮ್ಮ ವಾದ ಅಲ್ಲಿ ನಡೆಯುವುದಿಲ್ಲ.

ಹೆಲ್ಮೆಟ್ ಊರಿಂದ ಒಯ್ಯಬೇಡಿ. ಸ್ನೆಲ್‌ನಂಥ, ಅವರ ನಿಯಮ ಒಪ್ಪುವ ಸುರಕ್ಷತಾ ಸ್ಟಿಕ್ಕರ್ ಬೇಕು, ಅದೂ ತೀರಾ ಹಳೆಯದಾಗಬಾರದು. ಐಎಸ್‌ಐ ಮುದ್ರೆ ಇದ್ದರೆ ಪ್ರಯೋಜನ ಇಲ್ಲ, ಅಲ್ಲಿನ ಸಾರಿಗೆ ಇಲಾಖೆಯ ಡಿಒಟಿ ಮುದ್ರೆ ಒಂದೇ ಇದ್ದರೂ ಇಲ್ಲ. ಶುರುವಿನಲ್ಲಿ ಹೆಚ್ಚಿನ ಕಡೆ ಅವರೇ ಎರವಲು ಕೊಡುತ್ತಾರೆ. ಇನ್ಶೂರೆನ್ಸ್ ಪಾಲಿಸಿಯನ್ನೂ ಒಮ್ಮೆ ತೆರೆದು ನೋಡಿ, ಟೈಮ್ ಹಿಡಿದು ಓಡಿಸುವ ಸ್ಪರ್ಧೆಯನ್ನು ಹೊರಗಿಟ್ಟ ಪಾಲಿಸಿಗಳು ತುಂಬಾ ಇವೆ.

ಕೊನೆಗೆ ಚಳಿ. ನಮ್ಮವರಿಗೆ ಇದು ಹೊಳೆಯುವುದೇ ಇಲ್ಲ, ಯಾಕೆಂದರೆ ಊರಲ್ಲಿ ಟಯರ್ ಹಾಳಾಗುವುದು ಬಿಸಿಲಿಗೆ ಮತ್ತು ಹೊಂಡಕ್ಕೆ. ಈ 200ರ ಮೆತ್ತಗಿನ ರಬ್ಬರು ಮೈನಸ್ ಏಳು ಡಿಗ್ರಿಯ ಹತ್ತಿರ ಗಾಜಾಗುತ್ತದೆ. ಆ ಚಳಿಯಲ್ಲಿ ಕಾರನ್ನು ಸ್ವಲ್ಪ ಉರುಳಿಸಿದರೂ ಸಾಕು, ಟ್ರೆಡ್ ಬಿರುಕು ಬಿಡಬಹುದು. ಇಂಥ ಬಿರುಕಿಗೆ ವಾರಂಟಿ ಸಿಗುತ್ತದೆ ಅಂತ ಕಾಯಬೇಡಿ. ನವೆಂಬರ್ ಬರುವ ಮೊದಲು ಬಿಚ್ಚಿ, ಕಪ್ಪು ಚೀಲದಲ್ಲಿ ಕಟ್ಟಿ ಮನೆಯೊಳಗೆ ಇಡಿ. ಗ್ಯಾರೇಜಲ್ಲಿ ಹೀಟರ್ ಇಲ್ಲದಿದ್ದರೆ ಅಲ್ಲಿಯೂ ಬೇಡ, ಮಂಚದ ಅಡಿಯಾದರೂ ಆಗಬಹುದು. ಹೆಂಡತಿಯ ಹತ್ತಿರ ಮೊದಲೇ ಹೇಳಿಡಿ.