ಎರಡು ವರ್ಷ ಸುಮ್ನೆ ಚಂದಾ ಕಟ್ಟಿದೆ: ಚೇಂಬರ್ ಸದಸ್ಯತ್ವದ ನನ್ನ ಅನುಭವ

ನಮ್ಮದು ಹಿತ್ತಾಳೆ ವಾಲ್ವ್ ಮಾಡುವ ಸಣ್ಣ ಯೂನಿಟ್. ನಾನೂ ಸೇರಿ ಒಂಬತ್ತು ಜನ. ಚೇಂಬರ್ ಆಫ್ ಕಾಮರ್ಸ್‌ಗೆ, ಅಂದರೆ ವ್ಯಾಪಾರಿ-ಉದ್ದಿಮೆದಾರರ ಸಂಘಕ್ಕೆ, ಸೇರಿದಾಗ ನನ್ನ ತಲೆಯಲ್ಲಿ ಇದ್ದದ್ದು ಒಂದೇ, ಗಿರಾಕಿಗಳು ಸಿಗುತ್ತಾರೆ ಅಂತ. ಡೈರೆಕ್ಟರಿಯಲ್ಲಿ ಹೆಸರು ಬರುತ್ತದೆ, ಫೋನ್ ತಾನಾಗೇ ಹೊಡೆದುಕೊಳ್ಳುತ್ತದೆ ಅಂದುಕೊಂಡಿದ್ದೆ. ಫೋನ್ ಏನೋ ಬಂತು. ಎಲ್ಲಾ ಇನ್ಶೂರೆನ್ಸ್ ಮಾರುವವರದ್ದು. ಡೈರೆಕ್ಟರಿಯಿಂದಲೇ ನಂಬರ್ ತೆಗೆದುಕೊಂಡಿದ್ದರು.

ಸಭೆಗಳಿಗೂ ಹೋದೆ. ಎಲ್ಲರ ಜೇಬಲ್ಲೂ ವಿಸಿಟಿಂಗ್ ಕಾರ್ಡ್, ಎಲ್ಲರೂ ಮಾರಲು ಬಂದವರೇ, ಕೊಳ್ಳುವವರು ಒಬ್ಬರೂ ಇಲ್ಲ. ವೇದಿಕೆ ಮೇಲೆ ಹಾರ, ಸನ್ಮಾನ, ಭಾಷಣ. ನಾನು ಹಿಂದಿನ ಸಾಲಲ್ಲಿ ಕೂತು ಗಡಿಯಾರ ನೋಡುತ್ತಿದ್ದೆ. ಹೀಗೆ ಎರಡು ವರ್ಷದ ಚಂದಾ ಹೋಯಿತು. ಮೂರನೇ ವರ್ಷದ ಫಾರಂ ಬಂದಾಗ ಮೇಜಿನ ಡ್ರಾಯರ್‌ಗೆ ತಳ್ಳಿ ಸುಮ್ಮನಾಗಿದ್ದೆ.

ಅಷ್ಟರಲ್ಲಿ ನಮಗೆ ಮೊದಲ ಎಕ್ಸ್‌ಪೋರ್ಟ್ ಆರ್ಡರ್ ಬಂತು. ಮಾಲು ಯಾವ ದೇಶದಲ್ಲಿ ತಯಾರಾಯಿತು ಅನ್ನುವುದಕ್ಕೆ ಸರ್ಟಿಫಿಕೇಟ್ ಆಫ್ ಒರಿಜಿನ್ ಬೇಕು ಅಂದರು ಖರೀದಿದಾರರು. ಅದನ್ನು ಕೊಡುವುದು ಚೇಂಬರ್. ಡ್ರಾಯರ್‌ನಿಂದ ಫಾರಂ ಹೊರಗೆ ತೆಗೆದೆ. ಚೇಂಬರ್ ಏನು ಅಂತ ನನಗೆ ಅರ್ಥವಾಗಿದ್ದು ಸಭಾಂಗಣದಲ್ಲಿ ಅಲ್ಲ, ಹಿಂದಿನ ಓಣಿಯಲ್ಲಿದ್ದ ಆ ಸಣ್ಣ ಕೌಂಟರ್‌ನಲ್ಲಿ.

ಕೌಂಟರ್‌ನಲ್ಲಿದ್ದವರು ಕೈಯಲ್ಲಿ ಸ್ಕೇಲ್ ಹಿಡಿದು ನನ್ನ ಕಾಗದಗಳನ್ನು ಸಾಲು ಸಾಲಾಗಿ ನೋಡಿದರು. ಇನ್‌ವಾಯ್ಸ್ ಎಡಕ್ಕೆ, ಪ್ಯಾಕಿಂಗ್ ಲಿಸ್ಟ್ ಬಲಕ್ಕೆ, ಎಲ್‌ಸಿ ನಡುವೆ. ಎಲ್‌ಸಿ ಅಂದರೆ ಲೆಟರ್ ಆಫ್ ಕ್ರೆಡಿಟ್, ಕಾಗದಗಳು ಸರಿಯಿದ್ದರೆ ದುಡ್ಡು ಕೊಡುತ್ತೇವೆ ಅಂತ ಖರೀದಿದಾರರ ಬ್ಯಾಂಕ್ ಬರೆದುಕೊಡುವ ಭರವಸೆ. ಸ್ಕೇಲ್ ಒಂದು ಕಡೆ ನಿಂತಿತು.

"ಮೇಡಂ, ಎಲ್‌ಸಿಯಲ್ಲಿ ಬ್ರಾಸ್ ಬಾಲ್ ವಾಲ್ವ್ ಅಂತಿದೆ. ನೀವು ಇನ್‌ವಾಯ್ಸಲ್ಲಿ ಬರೀ ಬ್ರಾಸ್ ವಾಲ್ವ್ ಅಂತ ಹಾಕಿದ್ದೀರಿ."

"ಎರಡೂ ಒಂದೇ ಅಲ್ವಾ?"

"ನಿಮಗೆ ಒಂದೇ. ಬ್ಯಾಂಕಿನವರು ವಾಲ್ವ್ ನೋಡಲ್ಲ, ಕಾಗದ ನೋಡ್ತಾರೆ. ತೂಕನೂ ನೋಡಿ, ಇಲ್ಲಿ 412 ಕೆಜಿ, ಅಲ್ಲಿ 421."

ಟೈಪ್ ಮಾಡುವಾಗ ಅಂಕಿ ಅದಲುಬದಲಾಗಿತ್ತು. ತಯಾರು ಮಾಡಿದ್ದು ನಾನೇ, ನಾಲ್ಕು ಸಲ ನೋಡಿದ್ದೂ ನಾನೇ. ಆಫೀಸಿಗೆ ವಾಪಸ್ ಹೋಗಿ ಎಲ್ಲಾ ಹೊಸದಾಗಿ ಪ್ರಿಂಟ್ ತೆಗೆದೆ.

ಅವರು ಹೇಳಿದ ಮಾತಿನ ಬೆಲೆ ಆಮೇಲೆ ತಿಳಿಯಿತು. ಎಲ್‌ಸಿ ಕಾಗದಗಳನ್ನು ಬ್ಯಾಂಕುಗಳು ನೋಡುವುದು ಯುಸಿಪಿ 600 ಅನ್ನುವ ನಿಯಮಗಳ ಪ್ರಕಾರ. 2007ರ ಜುಲೈನಿಂದ ಜಾರಿಯಲ್ಲಿರುವ ಈ ನಿಯಮಗಳನ್ನು ಮಾಡಿದ್ದು 1919ರಲ್ಲಿ ಹುಟ್ಟಿದ ಇಂಟರ್‌ನ್ಯಾಷನಲ್ ಚೇಂಬರ್ ಆಫ್ ಕಾಮರ್ಸ್. ಇನ್‌ವಾಯ್ಸಲ್ಲಿ ಮಾಲಿನ ವಿವರ ಎಲ್‌ಸಿಗೆ ತಾಳೆಯಾಗಲೇಬೇಕು. ಪರಿಶೀಲಿಸಲು ಬ್ಯಾಂಕಿಗೆ ಹೆಚ್ಚೆಂದರೆ ಐದು ಬ್ಯಾಂಕಿಂಗ್ ದಿನ. ತಪ್ಪು ಸಿಕ್ಕರೆ ದುಡ್ಡು ಕೊಡಲ್ಲ ಅನ್ನಬಹುದು. ಅಲ್ಲಿಗೆ ಚೌಕಾಸಿಯ ಜುಟ್ಟು ಖರೀದಿದಾರನ ಕೈಗೆ ಹೋಯಿತು ಅಂತಲೇ ಲೆಕ್ಕ. ಮಾಲು ಆಗಲೇ ಹಡಗಿನಲ್ಲಿರುತ್ತದೆ.

ಆದರೂ ಆ ಮೊದಲ ರವಾನೆಯಲ್ಲೇ ಇನ್ನೊಂದು ಪೆಟ್ಟು ತಿಂದೆ. ಒರಿಜಿನ್ ಸರ್ಟಿಫಿಕೇಟ್‌ನಲ್ಲಿ ಎರಡು ಬಗೆ ಇದೆ. ಒಂದು ಸಾಮಾನ್ಯದ್ದು, ಮಾಲು ಈ ದೇಶದ್ದು ಅಂತ ಮಾತ್ರ ಹೇಳುತ್ತದೆ. ಇನ್ನೊಂದು, ಎರಡು ದೇಶಗಳ ನಡುವೆ ಒಪ್ಪಂದ ಇದ್ದಾಗ ಸುಂಕದ ರಿಯಾಯಿತಿ ಕೊಡಿಸುತ್ತದೆ. ಖರೀದಿದಾರರಿಗೆ ಬೇಕಿದ್ದದ್ದು ಎರಡನೆಯದು. ನಾನು ಮಾಡಿಸಿದ್ದು ಮೊದಲನೆಯದು. ಕೌಂಟರ್‌ನಲ್ಲಿ ಕೇಳಿದ್ದರೆ ಹೇಳುತ್ತಿದ್ದರು, ನಾನು ಕೇಳಲಿಲ್ಲ. ಖರೀದಿದಾರರು ಪೂರ್ತಿ ಸುಂಕ ಕಟ್ಟಿ ಮಾಲು ಬಿಡಿಸಿಕೊಂಡರು, ಮುಂದಿನ ಆರ್ಡರ್‌ನಲ್ಲಿ ಆ ಮೊತ್ತವನ್ನು ನನ್ನ ಬಿಲ್ಲಿನಿಂದ ಮುರಿದುಕೊಂಡರು. ಜಗಳ ಆಡಲು ನನ್ನ ಕಡೆ ಏನೂ ಇರಲಿಲ್ಲ.

ಆವತ್ತಿನಿಂದ ತರಬೇತಿ ಅಂತ ಎಲ್ಲಿ ಬೋರ್ಡ್ ಕಂಡರೂ ಹೆಸರು ಕೊಡಲು ಶುರು ಮಾಡಿದೆ. ಇನ್‌ಕೋಟರ್ಮ್ಸ್ ಬಗ್ಗೆ ಒಂದು ಮಧ್ಯಾಹ್ನದ ತರಗತಿ ಇತ್ತು. ಮಾಲಿನ ಖರ್ಚು, ಅಪಾಯ ಎಲ್ಲಿಯವರೆಗೆ ಮಾರುವವನದು, ಎಲ್ಲಿಂದ ಕೊಳ್ಳುವವನದು ಅಂತ ಮೂರು ಅಕ್ಷರದಲ್ಲಿ ಹೇಳುವ ನಿಯಮಗಳು ಅವು. 1936ರಲ್ಲಿ ಮೊದಲು ಬಂದವು, 2020ರ ಆವೃತ್ತಿಯಲ್ಲಿ ಹನ್ನೊಂದು ನಿಯಮಗಳಿವೆ. ಕೇಳಲು ಬಂದವರೂ ಸುಮಾರು ಅಷ್ಟೇ ಜನ. ಸನ್ಮಾನದ ದಿನ ನಿಲ್ಲಲು ಜಾಗ ಇರಲಿಲ್ಲ, ಇಲ್ಲಿ ನೋಡಿದರೆ ಕುರ್ಚಿಗಳೆಲ್ಲ ಖಾಲಿ.

ನಾನು ಎಲ್ಲಾ ಕೊಟೇಶನ್‌ನಲ್ಲೂ ಕಣ್ಣುಮುಚ್ಚಿ ಎಫ್‌ಒಬಿ ಅಂತ ಬರೆಯುತ್ತಿದ್ದೆ, ಎಲ್ಲರೂ ಬರೆಯುತ್ತಾರೆ ಅಂತ. ಎಫ್‌ಒಬಿಯಲ್ಲಿ ಮಾಲು ಹಡಗಿನ ಮೇಲೆ ಹೋಗುವ ತನಕ ಅಪಾಯ ನನ್ನದೇ. ಆದರೆ ಕಂಟೇನರ್‌ನಲ್ಲಿ ಕಳಿಸುವಾಗ ಮಾಲನ್ನು ನಾನು ಯಾರ್ಡ್‌ನಲ್ಲೇ ಬಿಟ್ಟು ಬರುತ್ತೇನೆ. ಅಲ್ಲಿಂದ ಹಡಗು ಹತ್ತುವವರೆಗೆ ಏನಾದರೂ ಆದರೆ? ನನ್ನ ಕೈಯಲ್ಲಿಲ್ಲದ ಮಾಲಿಗೆ ನಾನು ಹೊಣೆ. ಕಂಟೇನರ್‌ಗೆ ಸರಿಹೊಂದುವುದು ಎಫ್‌ಸಿಎ, ಅದರಲ್ಲಿ ಸಾಗಣೆದಾರರ ಕೈಗೆ ಮಾಲು ಒಪ್ಪಿಸಿದಲ್ಲಿಗೆ ನನ್ನ ಅಪಾಯ ಮುಗಿಯುತ್ತದೆ. ಮಾರನೇ ದಿನವೇ ಕೊಟೇಶನ್ ನಮೂನೆ ಬದಲಾಯಿಸಿದೆ. ಒಂದೇ ಒಂದು ಸಾಲು ಅಷ್ಟೇ.

ಒಂದು ಪ್ರದರ್ಶನಕ್ಕೆ ಸ್ಯಾಂಪಲ್ ಒಯ್ಯಲು ಎಟಿಎ ಕಾರ್ನೆ ಮಾಡಿಸಿದ್ದೂ ಚೇಂಬರ್ ವ್ಯವಸ್ಥೆಯಲ್ಲೇ. 1961ರ ಅಂತಾರಾಷ್ಟ್ರೀಯ ಒಪ್ಪಂದದಿಂದ ಬಂದದ್ದು. ಪುಸ್ತಕದ ರೂಪದ ಈ ಕಸ್ಟಮ್ಸ್ ದಾಖಲೆ ಇದ್ದರೆ ಮಾಲನ್ನು ಸುಂಕ ಕಟ್ಟದೆ ಹೊರಗೆ ಒಯ್ದು ವರ್ಷದೊಳಗೆ ವಾಪಸ್ ತರಬಹುದು. ಹೋದದ್ದೆಲ್ಲ ವಾಪಸ್ ಬರಬೇಕು ಅನ್ನುವುದೇ ಷರತ್ತು. ನಾನು ಸ್ಟಾಲ್‌ಗೆ ಬಂದವರೊಬ್ಬರಿಗೆ ಖುಷಿಯಲ್ಲಿ ಒಂದು ವಾಲ್ವ್ ಕೊಟ್ಟುಬಿಟ್ಟೆ. ತಿಂಗಳುಗಳ ನಂತರ ಆ ಒಂದು ವಾಲ್ವಿನ ಸುಂಕ ಹುಡುಕಿಕೊಂಡು ಬಂತು. ಹಾಗೆ ವಾಲ್ವ್ ತೆಗೆದುಕೊಂಡವರಿಂದ ಮುಂದೆ ಆರ್ಡರ್ ಬಂತಾ ಅಂತ ಕೇಳಬೇಡಿ.

ಇನ್ನು ಯಾವ ಬ್ರೋಷರ್‌ನಲ್ಲೂ ಬರೆಯದ ಲಾಭ ಒಂದಿದೆ. ನಾನು ಎಕ್ಸ್‌ಪೋರ್ಟ್ ಸಮಿತಿಗೆ ಸೇರಿಕೊಂಡೆ. ತಿಂಗಳಿಗೆ ಒಂದು ಸಂಜೆ, ಏಳೆಂಟು ಜನ. ಅಲ್ಲಿ ಯಾರೂ ಇನ್ನೊಬ್ಬರನ್ನು ಕೆಟ್ಟವರು ಅನ್ನುವುದಿಲ್ಲ. ಹೊಸ ಪಾರ್ಟಿ ಹೆಸರು ಹೇಳಿ, ಹೇಗೆ ಸರ್ ಅಂತ ಹಿರಿಯರೊಬ್ಬರನ್ನು ಕೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಡ್ವಾನ್ಸ್ ತಗೊಂಡು ಮಾಡಿಯಮ್ಮ" ಅಂದರು. ಅಷ್ಟೇ. ನಾನು ಅಡ್ವಾನ್ಸ್ ಕೇಳಿದೆ, ಪಾರ್ಟಿ ಮಾಯವಾಯಿತು.

ಅದೇ ಸಮಿತಿಯಲ್ಲಿ ಸರ್ಕಾರದ ನಿಯಮಗಳ ಕರಡು ಬಂದಾಗ ಸದಸ್ಯರ ಅಭಿಪ್ರಾಯ ಕೇಳುತ್ತಾರೆ. ದೊಡ್ಡ ಕಂಪನಿಗಳು ವಕೀಲರಿಂದ ಬರೆಸಿ ಹತ್ತು ಪುಟ ಕಳಿಸುತ್ತವೆ. ನಮ್ಮಂಥವರು ಟೈಮಿಲ್ಲ ಅಂತ ಬಿಡುತ್ತೇವೆ. ಒಂದು ಸಲ ನಾನು ಅರ್ಧ ಪುಟ ಬರೆದು ಕೊಟ್ಟೆ. ಐವತ್ತು ಪೀಸ್ ಬ್ಯಾಚಿಗೂ ಐದು ಸಾವಿರದ ಬ್ಯಾಚಿಗೂ ಒಂದೇ ಟೆಸ್ಟಿಂಗ್ ಶುಲ್ಕ ಇಟ್ಟರೆ ಸಣ್ಣವರು ಸಾಯುತ್ತಾರೆ ಅಂತ. ಆ ಮಾತು ಚೇಂಬರ್ ಮನವಿಯಲ್ಲಿ ಸೇರಿತು. ಶುಲ್ಕ ಇಳಿಯಿತಾ? ಇಲ್ಲ, ಇನ್ನೂ ಅಷ್ಟೇ ಇದೆ.

ಜರ್ಮನಿಯಲ್ಲಿ ಹೆಚ್ಚುಕಮ್ಮಿ ಎಲ್ಲಾ ಉದ್ದಿಮೆಗೂ ಚೇಂಬರ್ ಸದಸ್ಯತ್ವ ಕಡ್ಡಾಯ. ಬ್ರಿಟನ್, ಅಮೆರಿಕದಲ್ಲಿ ಬೇಕಾದರೆ ಸೇರಬಹುದು. ನನಗೆ ಕಡ್ಡಾಯ ಇದ್ದಿದ್ದರೆ ಕೊನೆಯವರೆಗೂ ಬೈದುಕೊಂಡೇ ಕಟ್ಟುತ್ತಿದ್ದೆ ಅನಿಸುತ್ತದೆ. ಈಗ ವರ್ಷಕ್ಕೊಮ್ಮೆ ಡೈರಿ ತೆಗೆದು ಲೆಕ್ಕ ಹಾಕುತ್ತೇನೆ. ಕೌಂಟರ್‌ಗೆ ಎಷ್ಟು ಸಲ ಹೋದೆ, ಸಮಿತಿಗೆ ಎಷ್ಟು ಸಲ ಹೋದೆ, ಯಾವ ತಪ್ಪು ತಪ್ಪಿತು. ಬರೆಯಲು ಮೂರು ಸಾಲೂ ಇಲ್ಲದ ವರ್ಷ ಫಾರಂ ಮತ್ತೆ ಡ್ರಾಯರ್‌ಗೇ.

ಮೊನ್ನೆ ಪ್ಯಾಕಿಂಗ್ ಬಾಕ್ಸ್ ಮಾಡುವ ಪರಿಚಯದವರೊಬ್ಬರು, "ಸೇರಲಾ ಮೇಡಂ? ನಿಮಗೆ ಎಷ್ಟು ಗಿರಾಕಿ ಸಿಕ್ಕರು?" ಅಂತ ಕೇಳಿದರು. ಆರು ವರ್ಷದಲ್ಲಿ ಇಬ್ಬರು, ಅದರಲ್ಲಿ ಒಬ್ಬರು ಈಗ ಆರ್ಡರ್ ಕೊಡುತ್ತಿಲ್ಲ ಅಂದೆ. ಮೊದಲು ಎರಡು ಸಭೆಗೆ ಅತಿಥಿಯಾಗಿ ಬಂದು ನೋಡಿ, ಕೌಂಟರ್‌ನಲ್ಲಿ ಸದಸ್ಯರಿಗೆಷ್ಟು, ಹೊರಗಿನವರಿಗೆಷ್ಟು ಅಂತ ಕೇಳಿ ಅಂತಲೂ ಹೇಳಿದೆ. ಅವರು ಬಂದರು, ನೋಡಿದರು, ಸೇರಲಿಲ್ಲ. ಅವರ ಬಾಕ್ಸ್ ಎಲ್ಲಾ ಎರಡೇ ಫ್ಯಾಕ್ಟರಿಗೆ ಹೋಗುತ್ತದೆ, ಗಡಿ ದಾಟುವ ಕಾಗದ ಒಂದೂ ಇಲ್ಲ. ಅವರ ಜಾಗದಲ್ಲಿ ನಾನಿದ್ದರೂ ಸೇರುತ್ತಿರಲಿಲ್ಲ.